ಟೋಪಿ ಎಲ್ಲಿ ತೆಗೆಯಬೇಕು, ಎಲ್ಲಿ ತೆಗೆಯಬಾರದು

ನಮ್ಮ ಮಿನಿ ಬಸ್ಸಿನಲ್ಲಿ ಪ್ರವಾಸಕ್ಕೆ ಹೊರಡುವವರಿಗೆಲ್ಲ ನಾನು ಮೊದಲೇ ಹೇಳಿಬಿಡುತ್ತೇನೆ: ಒಂದು ಟೋಪಿ ತನ್ನಿ, ಜೊತೆಗೆ ಒಂದು ದೊಡ್ಡ ಹತ್ತಿ ಕರವಸ್ತ್ರವನ್ನೂ ತನ್ನಿ. ಟೋಪಿ ಹಂಪಿ, ಬಾದಾಮಿಯ ಬಿಸಿಲಿಗೆ. ಕರವಸ್ತ್ರ ಕಲಬುರಗಿ, ಬೀದರಿಗೆ. ಮೈಸೂರಿನಿಂದ ಬೀದರಿನವರೆಗೆ ಹೋಗುವಷ್ಟರಲ್ಲಿ ತಲೆಯ ಮರ್ಯಾದೆ ಅದೆಷ್ಟೋ ಸಲ ಬದಲಾಗುತ್ತದೆ. ಒಂದು ಕಡೆ ತೆಗೆದರೆ ಗೌರವ, ಇನ್ನೊಂದು ಕಡೆ ಮುಚ್ಚಿದರೆ ಗೌರವ.

ಗೊಂದಲವಾದಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ತಲೆಗೆ ಯಾಕೆ ಹಾಕಿದ್ದೇನೆ? ಬಿಸಿಲಿಗೆ, ಚಳಿಗೆ, ಧೂಳಿಗೆ, ಚೆಂದಕ್ಕೆ ಹಾಕಿದ್ದಾದರೆ ಸೂರಿನಡಿ ಬಂದ ಕೂಡಲೇ ತೆಗೆಯಿರಿ. ಕ್ರಿಕೆಟ್ ಟೋಪಿ, ಅಗಲ ಅಂಚಿನ ಹ್ಯಾಟು, ಮಂಕಿ ಟೋಪಿ, ಹೆಲ್ಮೆಟ್ ಎಲ್ಲವೂ ಈ ಗುಂಪಿಗೇ ಸೇರಿದವು. ಮಾನಕ್ಕಾಗಿ, ನಂಬಿಕೆಗಾಗಿ ಇಟ್ಟುಕೊಂಡದ್ದಾದರೆ ಅದು ತಲೆಯ ಮೇಲೇ ಇರಲಿ. ಬಾಗಲಕೋಟೆ, ವಿಜಯಪುರದ ಹಿರಿಯರ ರುಮಾಲು, ಪಟಗ, ಗಾಂಧಿ ಟೋಪಿ, ಸಿಖ್ಖರ ಪಗಡಿ, ಮುಸ್ಲಿಮರ ಟೋಪಿ, ಮದುವೆಯ ಪೇಟ ಇವು ಎರಡನೆಯ ಗುಂಪು. ಇವನ್ನು ತೆಗೆಯಿರಿ ಎಂದು ಬೇರೆಯವರಿಗೆ ಹೇಳಲೇಬಾರದು. ರುಮಾಲು ಸುತ್ತಿದ ಅಜ್ಜನಿಗೆ, ಹಿಂದಿನವರಿಗೆ ಕಾಣುವುದಿಲ್ಲ, ಸ್ವಲ್ಪ ಬಿಚ್ಚಿ ಎಂದು ಸಭಾಂಗಣದಲ್ಲಿ ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಅಜ್ಜನ ಕುರ್ಚಿಯನ್ನು ಪಕ್ಕದ ಸಾಲಿಗೆ ಸರಿಸಿದರೆ ಆಯಿತಲ್ಲ.

ದೊಡ್ಡವರ ಎದುರು ತಲೆ ಬರಿದು ಮಾಡುವುದು ಇಂಗ್ಲಿಷರ ಪದ್ಧತಿ. ಮೈಸೂರಿನ ದರ್ಬಾರಿಗೆ ಬರಿದಲೆಯಲ್ಲಿ ಹೋಗುವಂತಿರಲಿಲ್ಲ. ಕಪ್ಪು ಉದ್ದ ಕೋಟು, ಬಿಳಿ ಪ್ಯಾಂಟು, ಜರಿ ಪೇಟ ಇರಲೇಬೇಕಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಫೋಟೋ ನೋಡಿ, ಪೇಟವಿಲ್ಲದ ಒಂದು ಸಿಗುವುದೂ ಕಷ್ಟ. ಇವತ್ತಿಗೂ ಸನ್ಮಾನವೆಂದರೆ ತಲೆಗೆ ಮೈಸೂರು ಪೇಟ ಇಡುತ್ತೇವೆ. ನಿಮಗೆ ಸನ್ಮಾನವಿದ್ದರೆ ವೇದಿಕೆ ಹತ್ತುವ ಮೊದಲೇ ನಿಮ್ಮ ಟೋಪಿ ತೆಗೆದು ಜೊತೆಗಿದ್ದವರ ಕೈಗೆ ಕೊಡಿ. ತೊಡಿಸಿದ ಪೇಟವನ್ನು ಫೋಟೋ ಮುಗಿದ ತಕ್ಷಣ ಕಿತ್ತು ಮೇಜಿನ ಮೇಲೆ ಇಡಬೇಡಿ. ತೊಡಿಸಿದವರು ನೋಡುತ್ತಿರುತ್ತಾರೆ. ನಿಮ್ಮ ಮಾತು ಮುಗಿಯುವವರೆಗಾದರೂ ಅದು ತಲೆಯ ಮೇಲಿರಲಿ.

ರಾಷ್ಟ್ರಗೀತೆ, ನಾಡಗೀತೆ ಶುರುವಾದಾಗ ಬಿಸಿಲಿನ ಟೋಪಿ ತೆಗೆದು ನೆಟ್ಟಗೆ ನಿಲ್ಲಿ. ಪೇಟ, ಪಗಡಿ, ಗಾಂಧಿ ಟೋಪಿಗೆ ಇದು ಅನ್ವಯಿಸುವುದಿಲ್ಲ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಪಡೆ ಸೇವಾದಳದವರು ಬಿಳಿ ಟೋಪಿ ಹಾಕಿಕೊಂಡೇ ಬಾವುಟ ಹಾರಿಸಿದವರು. ಸಮವಸ್ತ್ರದಲ್ಲಿರುವವರೂ ಟೋಪಿ ಸಮೇತವೇ ಸೆಲ್ಯೂಟ್ ಹೊಡೆಯುತ್ತಾರೆ. ಶಾಲೆಯ ಮೈದಾನದಲ್ಲಿ ಎನ್‌ಸಿಸಿ ಹುಡುಗರನ್ನು ನೋಡಿ ನಾವೇಕೆ ತೆಗೆಯಬೇಕು ಎಂದು ಕೇಳುವವರಿಗೆ ಉತ್ತರ ಇಷ್ಟೇ: ಅವರದು ಸಮವಸ್ತ್ರದ ಭಾಗ, ನಮ್ಮದು ಬಿಸಿಲಿಗೆ.

ದೇವಸ್ಥಾನದಲ್ಲಿ ಹೊಸ್ತಿಲಿಗೆ ಮುಂಚೆಯೇ ಟೋಪಿ ಕೈಗೆ ಬರಲಿ. ಧರ್ಮಸ್ಥಳ, ಉಡುಪಿಯಲ್ಲಿ ಗಂಡಸರು ಅಂಗಿ ಬನಿಯನ್ನೇ ತೆಗೆದು ದರ್ಶನಕ್ಕೆ ಹೋಗುತ್ತಾರೆ, ಟೋಪಿಯ ಪ್ರಶ್ನೆಯೇ ಬರುವುದಿಲ್ಲ. ಮೇಲುಕೋಟೆಯಂಥ ಕಡೆ ಅರ್ಚಕರು ಶಠಾರಿಯನ್ನು, ಅಂದರೆ ದೇವರ ಪಾದದ ಗುರುತಿರುವ ಕಿರೀಟದಂಥದ್ದನ್ನು, ತಲೆಗೆ ಮುಟ್ಟಿಸುತ್ತಾರೆ. ಆ ಗಳಿಗೆಯಲ್ಲಿ ಟೋಪಿ ಕೀಳಲು ತಡಕಾಡಿದರೆ ಹಿಂದಿನ ಸಾಲೆಲ್ಲ ನಿಂತುಬಿಡುತ್ತದೆ. ತೀರ್ಥ ತೆಗೆದುಕೊಂಡ ಮೇಲೆ ಕೈ ತಲೆಗೆ ಸವರಿಕೊಳ್ಳುತ್ತೇವಲ್ಲ, ಅದಕ್ಕೂ ತಲೆ ಬರಿದಾಗಿರಬೇಕು. ಮನೆಯಲ್ಲಿ ಹಿರಿಯರ ಕಾಲಿಗೆ ಬೀಳುವಾಗಲೂ ಹಾಗೆಯೇ. ಅವರು ಹರಸಲು ಕೈ ಚಾಚಿದಾಗ ಆ ಕೈ ಕೂದಲಿಗೆ ತಾಗಬೇಕು, ಟೋಪಿಯ ಮೇಲಿನ ಕಂಪನಿಯ ಹೆಸರಿಗಲ್ಲ. ನಮ್ಮ ಗುಂಪಿನ ಹುಡುಗರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ. ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೂ ಟೋಪಿ ತೆಗೆದಿರಲಿ.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನೊಳಗೆ ಗಂಡಸರು ಟೋಪಿ ತೆಗೆಯಬೇಕು, ಹೆಂಗಸರು ಸೆರಗನ್ನೋ ದುಪಟ್ಟಾವನ್ನೋ ತಲೆಗೆ ಹೊದ್ದುಕೊಂಡರೆ ಅದು ಭಕ್ತಿ. ಬೈಲಕುಪ್ಪೆಯಲ್ಲಿರುವ ಟಿಬೆಟನ್ ಬೌದ್ಧರ ನಾಮ್‌ಡ್ರೋಲಿಂಗ್ ಮಠದಲ್ಲಿ ಚಪ್ಪಲಿಯೊಂದಿಗೆ ಟೋಪಿಯನ್ನೂ ಬಿಡಿ. ಒಳಗೆ ಭಿಕ್ಷುಗಳು ವಿಶೇಷ ಪೂಜೆಗೆ ಎತ್ತರದ ಟೋಪಿ ಧರಿಸಿ ಕೂತಿದ್ದರೆ ಅದು ಅವರ ವಿಧಿ.

ಇನ್ನು ಉತ್ತರಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ತಲೆ ಮುಚ್ಚಿಕೊಂಡು ಹೋಗಿ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಗಂಡಸು, ಹೆಂಗಸು, ಮಗು ಯಾರಾದರೂ ತಲೆ ಮುಚ್ಚಲೇಬೇಕು. 1699ರಲ್ಲಿ ಸಿಖ್ಖರ ಹತ್ತನೆಯ ಗುರು ಗೋವಿಂದ ಸಿಂಗರು ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಈ ಬೀದರಿನವರು. ಸಿಖ್ಖರಿಗೆ ಈ ಊರು ಎಷ್ಟು ದೊಡ್ಡದು ಎಂದು ತಿಳಿದು ಒಳಗೆ ಹೋದರೆ ಬಟ್ಟೆ ಕಟ್ಟಿಕೊಳ್ಳುವ ಕೈಗೂ ಒಂದು ಶ್ರದ್ಧೆ ಬರುತ್ತದೆ. ಕ್ರಿಕೆಟ್ ಟೋಪಿಯೇ ಸಾಕಲ್ಲ, ತಲೆ ಮುಚ್ಚಿದೆಯಲ್ಲ ಎಂದು ವಾದಿಸಬೇಡಿ. ಅದನ್ನು ಚೀಲಕ್ಕೆ ಹಾಕಿ, ಕರವಸ್ತ್ರವನ್ನು ತ್ರಿಕೋನವಾಗಿ ಮಡಚಿ, ಹಣೆಯ ಮೇಲಿಂದ ತಂದು ಹಿಂದೆ ಗಂಟು ಹಾಕಿ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಭೋಜನಶಾಲೆಯಲ್ಲಿ, ಊಟಕ್ಕೆ ಕೂತಾಗಲೂ ಗಂಟು ಬಿಚ್ಚಬೇಡಿ.

ಉಳಿದ ಕಡೆ ಊಟಕ್ಕೆ ಟೋಪಿ ಬೇಡ, ಅದು ಬಾಳೆಎಲೆಯಾದರೂ ಸರಿ, ಹೋಟೆಲಿನ ಮೇಜಾದರೂ ಸರಿ. ನಾಟಕ, ಸಿನಿಮಾದಲ್ಲಿ ಹಿಂದೆ ಕೂತವರಿಗಾಗಿ ತೆಗೆಯಿರಿ. ರಾತ್ರಿಯಿಡೀ ಬಯಲಾಟ ನೋಡುವವರು ಚಳಿಗೆ ಮಫ್ಲರ್ ಸುತ್ತಿಕೊಂಡರೆ ಯಾರ ತಕರಾರೂ ಇಲ್ಲ. ಬ್ಯಾಂಕು, ಎಟಿಎಂ, ಚಿನ್ನದಂಗಡಿಗೆ ಹೆಲ್ಮೆಟ್ ತೆಗೆದೇ ಹೋಗಿ. ದಾರಿ ಕೇಳುವಾಗ ಗಾಜನ್ನಾದರೂ ಎತ್ತಿ ಮುಖ ತೋರಿಸಿ. ಶವಯಾತ್ರೆ ಎದುರಾದರೆ ಪಕ್ಕಕ್ಕೆ ಸರಿದು ಟೋಪಿ ತೆಗೆದು ನಿಲ್ಲಿ, ಫೋನು ಜೇಬಿನಲ್ಲಿರಲಿ.

ತೆಗೆದ ಟೋಪಿಯನ್ನು ಊಟದ ಮೇಜಿನ ಮೇಲೋ ದೇವರ ಗೂಡಿನಲ್ಲೋ ಇಡಬೇಡಿ. ಬೆವರಿನ ಒಳಭಾಗ ನಿಮ್ಮ ಕಡೆಗಿರುವಂತೆ ಹಿಡಿದುಕೊಳ್ಳಿ.

ಒಳಾಂಗಣದಲ್ಲೂ ಉಣ್ಣೆ ಟೋಪಿ ತೆಗೆಯದೆ ಕೂತವರು ನಿಮಗೆ ಕಂಡರೆ ಕಾರಣ ಕೇಳಬೇಡಿ. ಕೀಮೋ ಆದವರು, ತಲೆಗೆ ಶಸ್ತ್ರಚಿಕಿತ್ಸೆ ಆದವರು ನಮ್ಮ ಬಸ್ಸಿನಲ್ಲೂ ಬಂದಿದ್ದಾರೆ. ಅಂಥವರಿದ್ದರೆ ದೇವಸ್ಥಾನಕ್ಕೆ ನಾನು ಮುಂಚಿತವಾಗಿಯೇ ಹೋಗಿ, ಬಾಗಿಲ ಬಳಿ ಇರುವವರಿಗೆ ಮೆಲ್ಲಗೆ ವಿಷಯ ತಿಳಿಸಿ ಬರುತ್ತೇನೆ. ನಿಮ್ಮ ಮನೆಯವರಲ್ಲಿ ಯಾರಾದರೂ ಹಾಗಿದ್ದರೆ ನೀವೂ ಮೊದಲೇ ಹೋಗಿ ಹೇಳಿ. ಸಾಲಿನಲ್ಲಿ ಎಲ್ಲರೆದುರು ಅವರನ್ನು ತಡೆದು ಕೇಳುವಂತಾಗಬಾರದು.