ಬೋರಿನ ನೀರಿನ ಯುರೇನಿಯಂ ಲೆಕ್ಕ: ಈಗಲೇ ಬರೆದಿಡುವುದು ಹೇಗೆ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಬಿಎಆರ್‌ಸಿಗೆ (ಭಾಭಾ ಅಣು ಸಂಶೋಧನಾ ಕೇಂದ್ರ) ಯುರೇನಿಯಂ ಸಂವರ್ಧನೆಗೆಂದು, ಅಂದರೆ ಯುರೇನಿಯಂ-235 ಎಂಬ ಬಗೆಯ ಪಾಲು ಏರಿಸಲು, ಜಮೀನು ಕೊಟ್ಟಾಗಿನಿಂದ ಅಣು ತ್ಯಾಜ್ಯದ ಮಾತು ಬಂದಾಗಲೆಲ್ಲ ಅಮೆರಿಕದ ಹಳೇ ಪ್ಲುಟೋನಿಯಂ ಕೇಂದ್ರ ಹ್ಯಾನ್‌ಫರ್ಡ್ ಹೆಸರು ಬರುತ್ತದೆ. ಅಲ್ಲಿ ನೆಲದಡಿ ಅಣು ತ್ಯಾಜ್ಯದ 177 ಟ್ಯಾಂಕುಗಳಿವೆ. ಅವುಗಳಲ್ಲಿ 149ಕ್ಕೆ ಉಕ್ಕಿನ ಗೋಡೆ ಒಂದೇ ಪದರ. ತ್ಯಾಜ್ಯದ ಬಿಸಿ, ನೈಟ್ರೇಟು ಸೇರಿ ಉಕ್ಕನ್ನು ತಿಂದವು. ಸೋರಿದ ವಿಕಿರಣಶೀಲ ಸೀಸಿಯಂ ಬಹುಪಾಲು ಮಣ್ಣಿಗೇ ಅಂಟಿತು. ವಿಕಿರಣಶೀಲ ಟೆಕ್ನೀಶಿಯಂ-99, ನೈಟ್ರೇಟಿನಂಥವು ನೀರಿನ ಜೊತೆ ಸಾಗಿದವು. ಆ ಟ್ಯಾಂಕುಗಳದ್ದು ಪ್ಲುಟೋನಿಯಂ ತೆಗೆದ ಮೇಲೆ ಉಳಿದ ತ್ಯಾಜ್ಯ. ಯುರೇನಿಯಂ ಸಂವರ್ಧನೆಯಲ್ಲಿ ಅಂಥದ್ದು ಹುಟ್ಟುವುದಿಲ್ಲ.

ನಮ್ಮ ಗಟ್ಟಿ ಕಲ್ಲಿನ ಬೋರುಗಳಲ್ಲಿ ಯುರೇನಿಯಂ ಬಂಡೆಯಿಂದಲೇ ಕರಗಿ ಬರಬಹುದು. ಹಾಗಾಗಿ ಒಂದು ರಿಪೋರ್ಟಿನಿಂದ ಸೋರಿಕೆ ಸಾಬೀತಾಗದು. ಇವತ್ತಿನ ಅಂಕಿ ಕೈಯಲ್ಲಿದ್ದರೆ ಮಾತ್ರ ನಾಳೆ ಹೋಲಿಸಬಹುದು.

ಮೋಟರು ಹಾಕಿ ಹದಿನೈದು ನಿಮಿಷ ನೀರು ಬಿಡಿ. ಪೈಪಿನಲ್ಲಿ ನಿಂತ ನೀರು ಲೆಕ್ಕಕ್ಕಿಲ್ಲ. ಓವರ್‌ಹೆಡ್ ಟ್ಯಾಂಕಿನದ್ದೂ ಬೇಡ, ಬೋರಿನ ಬಾಯಲ್ಲೇ ಹಿಡಿಯಿರಿ. ಬಾಟಲಿ ಎರಡು ಬೇಕು, ಯುರೇನಿಯಂಗೆ ಒಂದು, ನೈಟ್ರೇಟಿಗೆ ಒಂದು, ಎರಡೂ ಪ್ಲಾಸ್ಟಿಕ್ಕಿನವು. ಯುರೇನಿಯಂ ಬಾಟಲಿಗೆ ಲ್ಯಾಬಿನವರು ನೈಟ್ರಿಕ್ ಆಮ್ಲ ಹಾಕಿ ಕೊಟ್ಟಿದ್ದರೆ ತೊಳೆಯಬೇಡಿ, ತುಂಬಿ ಚೆಲ್ಲಿಸಲೂಬೇಡಿ. ಆಮ್ಲವಿಲ್ಲದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೆ ಅಂಟಿ ಅಂಕಿ ಕಡಿಮೆ ಬರುತ್ತದೆ. ನೀರು ರಾಡಿಯಾಗಿದ್ದರೆ ಉಲ್ಟಾ: ಆಮ್ಲ ಮಣ್ಣಿನೊಳಗಿನದ್ದನ್ನೂ ಕರಗಿಸಿ ಅಂಕಿ ಏರಿಸುತ್ತದೆ. ಅಂಥ ನೀರನ್ನು ಮೊದಲು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ನೈಟ್ರೇಟು ಬಾಟಲಿಗೆ ಈ ಆಮ್ಲ ತಾಗಲೇಬಾರದು, ಆಮ್ಲವೇ ನೈಟ್ರೇಟು! ಅದನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ಐಸಿನಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷೆಯಾಗುವಂತೆ ಲ್ಯಾಬಿಗೆ ತಲುಪಿಸಿ.

ಐಸಿಪಿ-ಎಂಎಸ್ ಯಂತ್ರವಿರುವ (ನೀರಿನಲ್ಲಿರುವ ಅತಿ ಕಡಿಮೆ ಲೋಹವನ್ನೂ ಅಳೆಯುವಂಥದ್ದು) ಲ್ಯಾಬನ್ನೇ ಹುಡುಕಿ. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಏರಿದ ಅಂಕಿ ಕಾರ್ಖಾನೆಯದ್ದೇ ಎಂಬ ಅನುಮಾನ ಬಂದರೆ ಯುರೇನಿಯಂ-235ರ ಪಾಲು ಕೇಳಿ: ಬಂಡೆಯಿಂದ ಬಂದದ್ದರಲ್ಲಿ ಅದು ಶೇ. 0.72. ಸ್ಪಷ್ಟವಾಗಿ ಹೆಚ್ಚೋ ಕಡಿಮೆಯೋ ಇದ್ದರೆ ಅದು ಕಾರ್ಖಾನೆಯ ಕೈ ದಾಟಿ ಬಂದದ್ದು. ನೈಟ್ರೇಟೊಂದೇ ಏರಿದ್ದರೆ ಮೊದಲು ತಿಪ್ಪೆ, ಯೂರಿಯಾ, ಪಕ್ಕದ ಶೌಚಗುಂಡಿ ನೋಡಿ.

ಕುದಿಸಿದರೆ ಯುರೇನಿಯಂ ಹೋಗದು, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಓ ತೆಗೆಯುತ್ತದೆ, ಅದರ ವೇಸ್ಟ್ ನೀರು ದನಗಳ ತೊಟ್ಟಿಗೆ ಬೇಡ.

ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ. ತಾರೀಖಿನ ಜೊತೆ ಬೋರಿನ ಆಳ, ಮೋಟರು ಇಳಿಸಿದ ಅಡಿ ಬರೆಯಿರಿ. ಬೋರು ಇನ್ನಷ್ಟು ಆಳ ಕೊರೆಸಿದರೆ ಹಳೇ ಅಂಕಿಗೆ ಹೋಲಿಸಬೇಡಿ, ಹೊಸ ಪುಟದಿಂದ ಶುರು ಮಾಡಿ.