ಟೊಮೆಟೊ ಸುಳಿ ಸುಡ್ತಿದ್ರೆ ಥ್ರಿಪ್ಸ್ ಇದೆಯಾ ನೋಡಿ

ಕೋಲಾರ, ಚಿಂತಾಮಣಿ ಕಡೆ ಟೊಮೆಟೊ ಹಾಕಿದವರಿಗೆ ಒಂದು ಮಾತು. ಎಳೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಸುಳಿ ಕಪ್ಪಾಗಿ ಒಣಗಿ, ಕಾಯಿ ಮೇಲೆ ಉಂಗುರದಂಥ ಕಲೆ ಬಂದರೆ ಅಂಗಮಾರಿ ಅಂದುಕೊಂಡು ಸುಮ್ನೆ ಔಷಧಿ ಹೊಡೆಯಬೇಡಿ. ಅದು ಸುಳಿ ಸಾಯುವ ನಂಜುರೋಗ (ವೈರಸ್ ರೋಗ) ಇರಬಹುದು. ನಂಜು ಹೊಕ್ಕ ಗಿಡವನ್ನು ಯಾವ ಔಷಧಿಯೂ ಉಳಿಸಲ್ಲ. ಅದನ್ನು ಹರಡೋದು ಥ್ರಿಪ್ಸ್ ಅನ್ನೋ ಸಣ್ಣ ಹುಳ.

ಹೂವು, ಸುಳಿಯನ್ನು ಬಿಳಿ ಹಾಳೆ ಮೇಲೆ ಮೆಲ್ಲಗೆ ತಟ್ಟಿ. ಸುಮಾರು 1 ಮಿ.ಮೀ. ಉದ್ದದ, ದಾರದ ಚೂರಿನಂಥ ಹಳದಿ ಹುಳ ಸರಸರ ಓಡಿದರೆ ಅದೇ.

ಇದರ ಮರಿ ಮಾತ್ರ ರೋಗದ ಗಿಡದಿಂದ ನಂಜು ಹೀರಿಕೊಳ್ಳುತ್ತೆ. ರೆಕ್ಕೆ ಬಂದ ಮೇಲೆ ಸಾಯೋ ತನಕ ಗಿಡದಿಂದ ಗಿಡಕ್ಕೆ ಹಂಚುತ್ತೆ. ಹಾಗಾಗಿ ರೋಗದ ಗಿಡ ಕಂಡ ಕೂಡಲೇ ಕಿತ್ತು ಚೀಲಕ್ಕೆ ಹಾಕಿ, ಹೊಲದಿಂದಾಚೆ ಸುಟ್ಟುಬಿಡಿ. ಬದುವಿನ ಮೇಲೆ ಬಿಸಾಡಿದರೆ ಹುಳ ವಾಪಸ್ ಬರುತ್ತೆ, ಅಲ್ವಾ? ಕಳೆಯನ್ನೂ ಬಿಡಬೇಡಿ. ಪಕ್ಕದಲ್ಲಿ ಕಡಲೆಕಾಯಿ, ಅಲಸಂದೆ ಇದ್ದರೆ ಜಾಸ್ತಿ ಎಚ್ಚರ, ಈ ನಂಜು ಅವಕ್ಕೂ ಬರುತ್ತೆ.

ಸಸಿಗೆ ನೆರಳುಪರದೆ ಸಾಲದು, ಸಣ್ಣ ಕಣ್ಣಿನ ಹುಳಪರದೆ ಒಳಗೇ ಬೆಳೆಸಿ. ನಾಟಿಗೆ ಮೊದಲೇ ಹುಳಕ್ಕೆ ತಡೆಯಾಗಿ ಹೊಲದ ಸುತ್ತ ಎರಡು ಮೂರು ಸಾಲು ಮೆಕ್ಕೆಜೋಳ ಒತ್ತಾಗಿ ಬಿತ್ತಿ. ನೀಲಿ ಅಂಟು ಹಾಳೆ ಹುಳ ಬಂದಿದೆಯಾ ಅಂತ ತಿಳಿಯೋಕೆ ಒಳ್ಳೆಯದು, ಅದೊಂದರಿಂದಲೇ ಹತೋಟಿ ಆಗಲ್ಲ.

ಹುಳದ ಮೊಟ್ಟೆ ಎಲೆಯೊಳಗೆ, ಮರಿಗೆ ರೆಕ್ಕೆ ಬರೋ ಮುಂಚಿನ ಕೋಶದ ಹಂತ ಹೆಚ್ಚಾಗಿ ಮಣ್ಣಲ್ಲಿ. ಸಿಂಪಡಣೆ ಎರಡಕ್ಕೂ ಸರಿಯಾಗಿ ತಾಗಲ್ಲ. ಒಂದೇ ಔಷಧಿ ಮತ್ತೆ ಮತ್ತೆ ಹೊಡೆದರೆ ಹುಳ ಅದಕ್ಕೆ ಒಗ್ಗಿಬಿಡುತ್ತೆ. ಬದಲಿಸುವಾಗ ಹೆಸರಲ್ಲ, ಔಷಧಿ ಹುಳವನ್ನು ಕೊಲ್ಲುವ ರೀತಿ ತಿಳಿಸುವ ಗುಂಪಿನ ನಂಬರ್ ಬೇರೆ ಇದೆಯಾ ನೋಡಿ.