ಕಂದು ನೀರುಹಾವಿನ ನೆಲೆಯನ್ನು ದಾಖಲಿಸಿದ ಬಗೆ

ಉದ್ಯೋಗದ ನಿಮಿತ್ತ ಜೋಹಾನ್ಸ್‌ಬರ್ಗ್‌ನಲ್ಲಿ ನೆಲೆಸಿದ ಮೇಲೆ, ಅಲ್ಲಿನ ಹವ್ಯಾಸಿಗಳ ಜೊತೆಗೂಡಿ ಹಾವುಗಳ ನೆಲೆಗಳನ್ನು ದಾಖಲಿಸುವ ಕೆಲಸದಲ್ಲಿ ತೊಡಗಿಕೊಂಡೆ. ಅದರಲ್ಲಿ ನಾನು ಹೆಚ್ಚು ಗಮನ ಕೊಟ್ಟದ್ದು ಲೈಕೊಡೊನೊಮಾರ್ಫಸ್ ರುಫುಲಸ್ ಎಂಬ ಶಾಸ್ತ್ರೀಯ ಹೆಸರಿನ, ವಿಷವಿಲ್ಲದ ಕಂದು ನೀರುಹಾವಿಗೆ. ನಮ್ಮ ಊರಿನ ಕೆರೆಗಳ ನೀರೊಳ್ಳೆಯನ್ನು ನೋಡಿ ಬೆಳೆದವರು ಇದನ್ನೂ ಅದರ ಬಳಗಕ್ಕೆ ಸೇರಿಸಿಬಿಡಬಹುದು. ಆದರೆ ನೀರೊಳ್ಳೆಯ ಮೈ ಚೌಕುಳಿ, ಹುರುಪೆಗಳು ಒರಟು, ಹಿಡಿದರೆ ಕಚ್ಚುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಇದರ ಹುರುಪೆಗಳೋ ನುಣುಪು, ಬೆನ್ನು ಒಂದೇ ಬಣ್ಣ, ಸ್ವಭಾವ ಸಾಧು. ಕುಟುಂಬವೂ ಬೇರೆ.

ಇದು ಇರುಳಿನ ಹಾವು. ಹಗಲಿನಲ್ಲಿ ದಡದ ಕಲ್ಲುಗಳ ಅಡಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಕಪ್ಪೆ, ಗೊದಮೊಟ್ಟೆ ಮತ್ತು ಸಣ್ಣ ಮೀನುಗಳಿಗಾಗಿ ಹೊರಡುತ್ತದೆ. ಹೀಗಾಗಿ ನಾವು ಬೇಸಿಗೆಯ ಮಳೆ ಶುರುವಾದ ಮೇಲೆ, ಸಂಜೆ ಕಳೆದು, ಟಾರ್ಚ್ ಹಿಡಿದು, ಗಮ್‌ಬೂಟು ತೊಟ್ಟು ತೊರೆಗಳ ಅಂಚಿನಲ್ಲಿ ನಡೆಯುತ್ತಿದ್ದೆವು. ಆ ನಗರದಲ್ಲಿ ಇಂಥ ಕೆಲಸಕ್ಕೆ ಒಬ್ಬರೇ ಹೋಗಬಾರದು, ಅದಕ್ಕೆ ಕಾರಣ ಹಾವಲ್ಲ, ಸುಲಿಗೆಕೋರರ ಭಯ. ಒಮ್ಮೆ ಮೊಣಕಾಲಾಳದ ನೀರಿನಲ್ಲಿ ಒಂದು ಹಾವು ಕಪ್ಪೆಯ ತೊಡೆಯನ್ನು ಕಚ್ಚಿ ಹಿಡಿದು, ಮೈಯನ್ನು ಎರಡು ಸುತ್ತು ಬಿಗಿದು, ಅದರ ಕಾಲುಗಳ ಒದ್ದಾಟ ನಿಂತ ಮೇಲೆಯೇ ತಲೆಯ ಕಡೆಯಿಂದ ನುಂಗತೊಡಗಿದ್ದನ್ನು ಹತ್ತಿರದಿಂದ ನೋಡಿದೆವು. ಬೇಟೆಯನ್ನು ಹೀಗೆ ಬಿಗಿದು ಕೊಲ್ಲುವುದು ನೀರೊಳ್ಳೆಗೆ ಇಲ್ಲದ ಅಭ್ಯಾಸ.

ಗುರುತಿಸುವಾಗ ನಾನು ಮೊದಲು ನೋಡುವುದು ಕಣ್ಣನ್ನು: ಅದರ ಪಾಪೆ ಬೆಕ್ಕಿನದರಂತೆ ನೆಟ್ಟಗೆ ಸೀಳಿಕೊಂಡಿರುತ್ತದೆ. ಕಂದು ಮನೆಹಾವಿಗೂ ಅಂಥದೇ ಕಣ್ಣು. ಆದರೆ ಅದರ ತಲೆಯ ಪಕ್ಕದಲ್ಲಿ ಬಿಳಿಚಿದ ಗೆರೆಗಳಿರುತ್ತವೆ, ಇದಕ್ಕೆ ಇರುವುದಿಲ್ಲ. ನಿರ್ಣಯ ಕಷ್ಟವಾಗುವುದು ಇದರ ಹತ್ತಿರದ ಸಂಬಂಧಿಯಾದ ಲೈಕೊಡೊನೊಮಾರ್ಫಸ್ ಲೀವಿಸಿಮಸ್‌ನೊಡನೆ. ಅದರ ಹೊಟ್ಟೆಯ ನಡುವೆ ಉದ್ದಕ್ಕೂ ಕಪ್ಪು ಪಟ್ಟಿ ಇದ್ದರೆ, ಇದರ ಹೊಟ್ಟೆ ಪಟ್ಟಿಯಿಲ್ಲದೆ ನಸುಗೆಂಪು ಅಥವಾ ನಸುಹಳದಿಯಾಗಿರುತ್ತದೆ. ಆದ್ದರಿಂದ ಪರವಾನಗಿ ಇದ್ದ ಸಂಗಾತಿಯೊಬ್ಬರು ಹಾವನ್ನು ಪಾರದರ್ಶಕ ಡಬ್ಬಿಯಲ್ಲಿ ಇರಿಸಿದಾಗ ಅಡಿಯಿಂದಲೂ ಒಂದು ಫೋಟೊ ತೆಗೆಯುವುದನ್ನು ರೂಢಿ ಮಾಡಿಕೊಂಡೆ.

ದೇಶಗಳ ಲೆಕ್ಕದಲ್ಲಿ ಇದರ ಸಹಜ ನೆಲೆಯಲ್ಲಿ ದಕ್ಷಿಣ ಆಫ್ರಿಕಾ, ಲೆಸೋಥೊ ಮತ್ತು ಎಸ್ವಾಟಿನಿ ಸೇರಿವೆ. ಚಳಿಗಾಲದಲ್ಲಿ ಮಳೆ ಬೀಳುವ ಕೇಪ್‌ಟೌನ್ ಪ್ರದೇಶದಿಂದ ದಕ್ಷಿಣ ಕರಾವಳಿಯ ಗುಂಟ ಈಸ್ಟರ್ನ್ ಕೇಪ್ ಮತ್ತು ಕ್ವಾಝುಲು-ನಟಾಲ್‌ಗಳನ್ನು ಹಾದು, ಬೇಸಿಗೆ ಮಳೆಯ ಹೈವೆಲ್ಡ್ ಪ್ರಸ್ಥಭೂಮಿಯವರೆಗೂ ಅದು ಹಬ್ಬಿದೆ. ಪಶ್ಚಿಮದ ಒಣ ನಾಡಿನಲ್ಲಿ ಬಹುಮಟ್ಟಿಗೆ ಇಲ್ಲ. ಇದೇ ಕುಲದ ಲೈಕೊಡೊನೊಮಾರ್ಫಸ್ ಬೈಕಲರ್ ದೂರದ ಟ್ಯಾಂಗನಿಕಾ ಸರೋವರವೊಂದಕ್ಕೇ ಸೀಮಿತವಾಗಿದೆ.

ಆದರೆ ನಕ್ಷೆಯಲ್ಲಿ ಬಳಿದ ಬಣ್ಣವನ್ನು ನಾನು ಪೂರ್ತಿ ನೆಚ್ಚುವುದಿಲ್ಲ. ಅಲ್ಲಿ ರೂಢಿಯಲ್ಲಿರುವ ನಕ್ಷೆಯ ಚೌಕ ಅಕ್ಷಾಂಶ ರೇಖಾಂಶಗಳ 15 ನಿಮಿಷದಷ್ಟು, ಅಂದರೆ ಸರಿಸುಮಾರು 25 ಕಿಲೋಮೀಟರ್ ಉದ್ದಗಲದ್ದು; ಒಂದೇ ಒಂದು ದಾಖಲೆ ಸಿಕ್ಕರೂ ಇಡೀ ಚೌಕ ತುಂಬಿಕೊಳ್ಳುತ್ತದೆ, ಹಾವು ಮಾತ್ರ ಅದರೊಳಗಿನ ತೊರೆ, ಜೌಗು, ಒಡ್ಡುಗಳ ಅಂಚಿನಲ್ಲಷ್ಟೇ ಇರುತ್ತದೆ. ಅದಕ್ಕೇ ನಾನು ಪ್ರತಿ ಫೋಟೊದೊಡನೆ ಜಿಪಿಎಸ್ ಗುರುತಿನ ಜೊತೆಗೆ ನೀರು ಹರಿಯುತ್ತಿತ್ತೋ ನಿಂತಿತ್ತೋ, ದಡದಲ್ಲಿ ಕಲ್ಲಿತ್ತೋ ಜೊಂಡಿತ್ತೋ ಎಂಬುದನ್ನೂ, ಹುಡುಕಿ ಏನೂ ಕಾಣದ ತೊರೆಗಳ ಹೆಸರುಗಳನ್ನೂ ಬರೆದಿಡುತ್ತೇನೆ.